ಹಿಂದಕ್ಕೆ ನೀರು, ಮುಂದಕ್ಕೆ ದೋಣಿ: ಜೆಟ್ ದೋಣಿಯ ಆರೈಕೆ ನಿಮ್ಮ ಕೈಯಿಂದಲೇ

ತೋಟಕ್ಕೆ ನೀರು ಹಾಯಿಸುವಾಗ ರಬ್ಬರ್ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ನೋಡಿದ್ದೀರಾ? ನೀರು ರಭಸದಿಂದ ದೂರಕ್ಕೆ ಚಿಮ್ಮುತ್ತದೆ. ಅದೇ ಹೊತ್ತಿಗೆ ಪೈಪು ನಿಮ್ಮ ಕೈಯನ್ನು ಹಿಂದಕ್ಕೆ ನೂಕುತ್ತದೆ. ಅಗ್ನಿಶಾಮಕ ದಳದವರು ದಪ್ಪ ಪೈಪನ್ನು ಇಬ್ಬರು ಮೂವರು ಸೇರಿ ಹಿಡಿಯುವುದು ಈ ನೂಕಿಗಾಗಿಯೇ. ನ್ಯೂಟನ್ನನ ಮೂರನೆಯ ನಿಯಮ ನಿಮಗೆ ಗೊತ್ತಿದೆ: ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಈ ಪ್ರತಿಕ್ರಿಯೆಯನ್ನೇ ದುಡಿಸಿಕೊಂಡು ಓಡುವ ವಾಹನ ಜೆಟ್ ದೋಣಿ.

ತೆರೆಯ ಮೇಲೆ ಜೆಟ್ ದೋಣಿ ಓಡುವುದನ್ನು ತೋರಿಸುವುದು ಸುಲಭ. ಅದು ಓಡುತ್ತಲೇ ಇರಬೇಕಾದರೆ ಅದರ ಒಡೆಯ ಏನೇನು ಮಾಡಬೇಕು ಎಂಬುದನ್ನು ಹೇಳಲು ಕಾರ್ಯಕ್ರಮದ ನಿಮಿಷಗಳು ಸಾಲುವುದಿಲ್ಲ. ಅದಕ್ಕಾಗಿಯೇ ಈ ಪುಟಗಳು. ನಿಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಜೆಟ್ ದೋಣಿ ಇರಲಾರದು, ನಿಜ. ಆದರೆ ಹೊಲದ ಪಂಪ್‌ಸೆಟ್ಟನ್ನೋ ಹಳೆಯ ಸ್ಕೂಟರನ್ನೋ ಬಿಚ್ಚಿ ನೋಡುವ ಕುತೂಹಲ ಇದ್ದೇ ಇರುತ್ತದೆ. ಅಷ್ಟಿದ್ದರೆ ಸಾಕು.

ಕುರಿ ಸಾಕುವವರ ನಾಡಿನಲ್ಲಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಹಿಮಪರ್ವತಗಳಿಂದ ಇಳಿದು ಬರುವ ನದಿಗಳು ಅಗಲವಾಗಿ, ಹಲವು ಕವಲುಗಳಾಗಿ, ಬೆಣಚುಕಲ್ಲುಗಳ ಮೇಲೆ ಹರಿಯುತ್ತವೆ. ಸೆಳೆತ ಹೆಚ್ಚು, ಆಳ ಕಡಿಮೆ. ಅಲ್ಲಿ ಸಾಧಾರಣ ಮೋಟಾರು ದೋಣಿ ಹೋದರೆ ತಳದ ಕೆಳಗೆ ತಿರುಗುವ ಪ್ರೊಪೆಲ್ಲರ್ ಕಲ್ಲಿಗೆ ಬಡಿದು ಮುರಿಯುತ್ತದೆ. ಅಲ್ಲಿನ ಐರಿಷ್‌ಮನ್ ಕ್ರೀಕ್ ಎಂಬ ಕುರಿ ಸಾಕಣೆಯ ಜಮೀನಿನಲ್ಲಿ ವಿಲಿಯಂ ಹ್ಯಾಮಿಲ್ಟನ್ (1899-1978) ಎಂಬ ರೈತರಿದ್ದರು. ಅವರು ಸ್ವಂತ ಕಾರ್ಯಾಗಾರ ಇಟ್ಟುಕೊಂಡಿದ್ದ ಎಂಜಿನಿಯರೂ ಹೌದು. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ಈ ತೊಡಕಿಗೆ ಉತ್ತರ ಹುಡುಕಿದರು.

ನೀರನ್ನು ಹೀರಿ ಹಿಂದಕ್ಕೆ ಚಿಮ್ಮುವ ಯೋಚನೆ ಹಳೆಯದೇ. ಅಮೆರಿಕದ ಒಂದು ಮಾದರಿಯಲ್ಲಿ ನೀರು ದೋಣಿಯ ತಳದ ಕೆಳಗಿನಿಂದ ಹೊರಬರುತ್ತಿತ್ತು. ಹ್ಯಾಮಿಲ್ಟನ್ ಮೊದಲು ಅದನ್ನೇ ಅನುಸರಿಸಿದರು, ವೇಗ ಬರಲಿಲ್ಲ. ನೀರು ಹೊರಬರುವ ಮೂತಿಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ತಂದರೆ ಹೇಗೆ ಎಂದು ಅವರ ಬಳಿ ಕೆಲಸ ಮಾಡುತ್ತಿದ್ದವರೊಬ್ಬರು ಸೂಚಿಸಿದರು. ಹಾಗೆ ಮಾಡಿದಾಗ ತಳದ ಕೆಳಗೆ ನೀರಿಗೆ ಅಡ್ಡಬರುವ ಭಾಗವೇ ಉಳಿಯಲಿಲ್ಲ. ದೋಣಿ ಹಾರಿದಂತೆ ಓಡಿತು.

1960ರಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಕೊಲರಾಡೊ ನದಿಯ ಪ್ರವಾಹಕ್ಕೆ ಎದುರಾಗಿ ಇಂಥ ದೋಣಿಗಳು ಮೇಲೇರಿದವು. 1977ರಲ್ಲಿ ಸರ್ ಎಡ್ಮಂಡ್ ಹಿಲರಿ ಮೂರು ಜೆಟ್ ದೋಣಿಗಳೊಂದಿಗೆ ಗಂಗಾಸಾಗರದಿಂದ ಹೊರಟು, ಗಂಗೆಯ ಪ್ರವಾಹಕ್ಕೆದುರಾಗಿ ಹಿಮಾಲಯದ ನಂದಪ್ರಯಾಗದವರೆಗೂ ಸಾಗಿದರು. ಅಲ್ಲಿ ಜಲಪಾತ ಅಡ್ಡ ಬಂದ ಮೇಲೆಯೇ ದೋಣಿಗಳು ನಿಂತದ್ದು.

ಒಳಗೆ ಇರುವುದು ಪಂಪೇ

ದೋಣಿಯ ತಳದಲ್ಲಿ ಜಾಲರಿ ಹೊದಿಸಿದ ಒಂದು ಬಾಯಿ ಇದೆ. ಅದರ ಮೂಲಕ ನೀರು ಒಳಗೆ ಬರುತ್ತದೆ. ಎಂಜಿನ್ ತಿರುಗಿಸುವ ಇಂಪೆಲ್ಲರ್ ಎಂಬ ಅಲಗು ಚಕ್ರ ನೀರಿಗೆ ಒತ್ತಡ ಕೊಡುತ್ತದೆ. ಸುಳಿಯಾಗಿ ಬಂದ ನೀರನ್ನು ಅದರ ಹಿಂದಿನ ಸ್ಥಿರ ಅಲಗುಗಳು ನೇರ ಮಾಡುತ್ತವೆ. ಕೊನೆಗೆ ಕಿರಿದಾದ ಮೂತಿಯಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ಮೂತಿಯನ್ನು ಎಡಬಲಕ್ಕೆ ತಿರುಗಿಸಿದರೆ ದೋಣಿ ತಿರುಗುತ್ತದೆ. ಮೂತಿಯ ಮುಂದೆ ಬಕೆಟ್ಟಿನಂಥ ಮುಚ್ಚಳ ಇಳಿಸಿದರೆ ನೀರು ಮುಂದಿನ ದಿಕ್ಕಿಗೆ ಬಾಗಿ, ದೋಣಿ ಹಿಂದಕ್ಕೆ ಬರುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಸೆಕೆಂಡಿಗೆ 200 ಲೀಟರ್, ಎಂದರೆ 200 ಕಿಲೋಗ್ರಾಂ ನೀರು, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಬರುತ್ತಿದೆ ಎಂದುಕೊಳ್ಳಿ. ದೋಣಿ ನಿಂತಿದ್ದರೆ ನೂಕುಬಲ 200 × 20, ಅಂದರೆ 4000 ನ್ಯೂಟನ್. ದೋಣಿಯೇ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡುತ್ತಿದ್ದರೆ? ಒಳಗೆ ಬರುವ ನೀರಿಗೆ ದೋಣಿಯ ದೃಷ್ಟಿಯಿಂದ ಆಗಲೇ 10 ಮೀಟರ್ ವೇಗವಿದೆ. ಪಂಪು ಹೊಸದಾಗಿ ಸೇರಿಸುವುದು ಉಳಿದ 10 ಮೀಟರ್ ಮಾತ್ರ. ನೂಕುಬಲ 2000 ನ್ಯೂಟನ್ನಿಗೆ ಇಳಿಯುತ್ತದೆ. ನೀರಿನ ತಡೆಯೂ ಈ ಬಲವೂ ಸಮವಾದ ಕಡೆ ದೋಣಿಯ ಗರಿಷ್ಠ ವೇಗ ನಿಲ್ಲುತ್ತದೆ.

ತಿಂಗಳಿಗೊಮ್ಮೆ ಕೈಹಾಕುವ ಕೆಲಸ

ನ್ಯೂಜಿಲೆಂಡಿನಲ್ಲಿ ಹವ್ಯಾಸಿಗಳು ಎಷ್ಟೋ ಮಂದಿ ಕಾರಿನ ಎಂಜಿನ್ ಕೂರಿಸಿ, ತಮ್ಮ ಮನೆಯ ಗ್ಯಾರೇಜಿನಲ್ಲೇ ಜೆಟ್ ದೋಣಿ ಕಟ್ಟಿಕೊಂಡಿದ್ದಾರೆ. ಅವರ ಆರೈಕೆಯ ಕ್ರಮ ನಮ್ಮ ಪಂಪ್‌ಸೆಟ್ ಕಂಡವರಿಗೆ ಹೊಸದೆನಿಸುವುದಿಲ್ಲ.

ಮೊದಲನೆಯದು, ಜಾಲರಿ. ಬಾವಿಯೊಳಗಿನ ಫುಟ್‌ವಾಲ್ವಿಗೆ ಕಸ ಕಟ್ಟಿದರೆ ಪಂಪು ನೀರೆತ್ತುವುದಿಲ್ಲ ಅಲ್ಲವೇ? ಇಲ್ಲಿಯೂ ಹಾಗೆಯೇ. ಜಾಲರಿಯ ಸರಳುಗಳ ನಡುವೆ ಬೆಣಚುಕಲ್ಲು, ಎಲೆ, ಹಗ್ಗದ ತುಂಡು ಸಿಕ್ಕಿಕೊಳ್ಳುತ್ತವೆ. ಬಾಗಿದ ಸರಳನ್ನು ನೇರ ಮಾಡಬೇಕು, ಸಡಿಲವಾದದ್ದನ್ನು ಬಿಗಿಯಬೇಕು.

ಎರಡನೆಯದು, ಇಂಪೆಲ್ಲರ್ ಮತ್ತು ಅದರ ಸುತ್ತಲಿನ ಉಂಗುರದ ನಡುವಣ ಸಂದು. ಈ ಸಂದು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಇರಬೇಕು. ನಿಮ್ಮ ಪಂಪಿನ ನಿಖರ ಮಿತಿ ಅದರ ಕೈಪಿಡಿಯಲ್ಲಿರುತ್ತದೆ. ಅಳೆಯಲು ಸ್ಕೂಟರಿನ ಸ್ಪಾರ್ಕ್ ಪ್ಲಗ್ ಸಂದು ನೋಡುವ ಫೀಲರ್ ಗೇಜ್ ಸಾಕು. ಮರಳು ನೀರಿನಲ್ಲಿ ಓಡಿಸಿದಷ್ಟೂ ಸಂದು ಹಿಗ್ಗುತ್ತದೆ. ಒತ್ತಡ ಪಡೆದ ನೀರು ಆ ಸಂದಿನಿಂದ ಮುಂದಕ್ಕೆ ನುಸುಳಿ ಮತ್ತೆ ಅಲಗಿನ ಬಳಿಗೇ ಬರುತ್ತದೆ. ಪೆಟ್ರೋಲ್ ಉರಿಯುತ್ತದೆ, ದೋಣಿ ಓಡುವುದಿಲ್ಲ. ಉಂಗುರ ಬದಲಾಯಿಸುವುದೇ ಇದಕ್ಕೆ ಉಪಾಯ. ಇಂಪೆಲ್ಲರಿನ ಅಂಚು ಕಲ್ಲಿಗೆ ಬಡಿದು ಮೊಂಡಾಗಿದ್ದರೆ ಅರದಿಂದ ಸಾಪು ಮಾಡಬಹುದು. ಆದರೆ ಎಲ್ಲ ಅಲಗುಗಳಿಂದಲೂ ಸಮನಾಗಿ ಉಜ್ಜಬೇಕು. ಒಂದೇ ಅಲಗು ಹಗುರವಾದರೆ ತೂಕ ತಪ್ಪಿ, ನಡುಕ ಬಂದು, ಬೇರಿಂಗ್ ಹಾಳಾಗುತ್ತದೆ.

ಮೂರನೆಯದು, ಗಾಳಿ. ಪಂಪ್‌ಸೆಟ್ಟಿನ ಹೀರುವ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಎಳೆದು ನೀರು ಕಡಿಯುತ್ತದೆ. ಜೆಟ್ಟಿನಲ್ಲಿ ಶಾಫ್ಟ್ ಹಾದುಹೋಗುವ ಸೀಲು, ಕಸ ತೆಗೆಯುವ ಕಿಂಡಿಯ ಮುಚ್ಚಳ, ಪಂಪು ತಳಕ್ಕೆ ಸೇರುವ ಜೋಡಣೆ, ಈ ಮೂರೂ ಗಾಳಿ ನುಗ್ಗುವ ದಾರಿಗಳು. ರಬ್ಬರ್ ಸೀಲು ಗಟ್ಟಿಯಾಗಿದ್ದರೆ ಹಿಂದುಮುಂದು ನೋಡದೆ ಬದಲಾಯಿಸಿ.

ನಾಲ್ಕನೆಯದು, ಲೋಹದ ಕಾವಲುಗಾರ. ದೋಣಿಯ ಒಡಲು ಅಲ್ಯುಮಿನಿಯಂ, ಇಂಪೆಲ್ಲರ್ ಸ್ಟೇನ್‌ಲೆಸ್ ಸ್ಟೀಲ್, ನಡುವೆ ಉಪ್ಪುನೀರು. ಎರಡು ಬೇರೆ ಬೇರೆ ಲೋಹ, ನಡುವೆ ಲವಣದ ದ್ರಾವಣ ಎಂದೊಡನೆ ನಿಮಗೆ ಪ್ರಯೋಗಶಾಲೆಯ ವಿದ್ಯುತ್ಕೋಶ ನೆನಪಾಗಬೇಕು. ಇಲ್ಲಿ ಕರಗಿಹೋಗುವುದು ಅಲ್ಯುಮಿನಿಯಂ. ಅದನ್ನು ಉಳಿಸಲು ಸತುವಿನ ಗಟ್ಟಿಯೊಂದನ್ನು ಒಡಲಿಗೆ ಬಿಗಿಯುತ್ತಾರೆ. ಸತು ತಾನು ಕರಗಿ ಒಡಲನ್ನು ಕಾಯುತ್ತದೆ. ಅರ್ಧ ಕರಗಿದ್ದರೆ ಹೊಸದು ಹಾಕಿ. ಅದಕ್ಕೆ ಮಾತ್ರ ಬಣ್ಣ ಬಳಿಯಬೇಡಿ. ಬಳಿದರೆ ಕಾವಲುಗಾರನ ಕೈಕಟ್ಟಿದಂತೆ.

ಇನ್ನೊಂದು ಮಾತು. ದೋಣಿ ನೆಲದ ಮೇಲಿದ್ದಾಗ ಎಂಜಿನ್ ಓಡಿಸಿ ನೋಡುವ ಆಸೆ ಬೇಡ. ಬಹಳಷ್ಟು ಜೆಟ್ ದೋಣಿಗಳಲ್ಲಿ ಎಂಜಿನ್ನಿಗೆ ತಂಪು ನೀರು ಕೊಡುವುದೂ ಅದೇ ಪಂಪು. ನೀರಿಲ್ಲದಿದ್ದರೆ ಎಂಜಿನ್ ಕಾಯುತ್ತದೆ, ನೀರಿನಿಂದಲೇ ನುಣುಪು ಪಡೆಯುವ ರಬ್ಬರ್ ಬೇರಿಂಗ್ ಸುಟ್ಟುಹೋಗುತ್ತದೆ.

ರೋಗ ಎಲ್ಲಿದೆ?

ದೋಣಿ ನಿಧಾನವಾಯಿತು ಎಂದುಕೊಳ್ಳಿ. ದೋಷ ಎಂಜಿನ್ನಿನಲ್ಲೋ ಪಂಪಿನಲ್ಲೋ? ಇದಕ್ಕೆ ವೈದ್ಯರ ನಾಡಿಪರೀಕ್ಷೆಯಂತೆ ಒಂದು ಸುಲಭ ಪರೀಕ್ಷೆ ಉಂಟು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳನ್ನು ನೋಡಿ. ದೋಣಿ ಹೊಸದಾಗಿದ್ದಾಗ ಪೂರ್ಣ ವೇಗದಲ್ಲಿ ಎಷ್ಟು ಸುತ್ತು ಬರುತ್ತಿತ್ತು ಎಂಬುದನ್ನು ಬರೆದಿಟ್ಟುಕೊಂಡಿರಬೇಕು. ಈಗ ಸುತ್ತು ಕಡಿಮೆಯಾಗಿದ್ದರೆ ಎಂಜಿನ್ ಬಳಲಿದೆ ಎಂದರ್ಥ. ಸುತ್ತು ಹೆಚ್ಚಾಗಿಯೂ ವೇಗ ಕಡಿಮೆಯಾಗಿದ್ದರೆ ಪಂಪಿಗೆ ಹಿಡಿಯಲು ನೀರು ಸಿಗುತ್ತಿಲ್ಲ: ಜಾಲರಿ ಕಟ್ಟಿದೆ, ಗಾಳಿ ನುಗ್ಗಿದೆ, ಅಥವಾ ಉಂಗುರ ಸವೆದಿದೆ.

ನೀರು ಸಾಲದೆ ಹೋದಾಗ ಇನ್ನೊಂದು ವಿಚಿತ್ರ ನಡೆಯುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಒತ್ತಡ ಇಳಿಸಿದರೆ ಇದರ ತಿರುವುಮುರುವು. ಅಲಗಿನ ಬೆನ್ನಿನಲ್ಲಿ ಒತ್ತಡ ತೀರ ಕುಸಿದಾಗ ತಣ್ಣೀರೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ಮುಂದೆ ಸಾಗಿ ಹೆಚ್ಚು ಒತ್ತಡದ ಕಡೆ ಒಡೆಯುವಾಗ ಸಣ್ಣ ಸುತ್ತಿಗೆಯಂತೆ ಲೋಹವನ್ನು ಬಡಿಯುತ್ತವೆ. ಪಂಪಿನಿಂದ ಜಲ್ಲಿಕಲ್ಲು ಅಲ್ಲಾಡಿಸಿದಂಥ ಸದ್ದು ಬಂದರೆ, ಅಲಗಿನ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು ಕಂಡರೆ, ಕಾರಣ ಇದೇ.

ಕೀಲಿ ಯಾರ ಕೈಯಲ್ಲಿದೆ?

ಕೆಲವು ವರ್ಷಗಳ ಹಿಂದೆ ಒಂದು ಜಲಾಶಯದಲ್ಲಿ ನಮ್ಮ ಚಿತ್ರೀಕರಣ ನಡೆದಿತ್ತು. ಕ್ಯಾಮೆರಾಗಾಗಿ ಬಾಡಿಗೆಗೆ ತಂದ ಜೆಟ್ ದೋಣಿ ನೀರಿನ ನಡುವೆ ಕೀರಲು ದನಿ ಮಾಡಿ ನಿಂತುಬಿಟ್ಟಿತು. ಎಂಜಿನ್ ಅರಚುತ್ತಿದೆ, ದೋಣಿ ಕದಲುತ್ತಿಲ್ಲ. ಸಂಜೆಯ ಬೆಳಕು ಜಾರುತ್ತಿತ್ತು. ನಾನು ಚಾಲಕನನ್ನು ಅವಸರಪಡಿಸಿದೆ: ಎಂಜಿನ್ ಓಡುತ್ತಿರಲಿ, ಕಿಂಡಿ ತೆರೆದು ಬೇಗ ಕಸ ಕೀಳಪ್ಪ ಎಂದೆ. ಆತ ಮಾತಾಡಲಿಲ್ಲ. ಎಂಜಿನ್ ನಿಲ್ಲಿಸಿದ, ಕೀಲಿ ಕಿತ್ತು ನನ್ನ ಅಂಗೈಗಿಟ್ಟ. "ಇದು ನಿಮ್ಮ ಹತ್ರಾನೇ ಇರಲಿ ಸಾರ್, ನನ್ನ ಕೈ ಒಳಗಿರೋವರೆಗೂ" ಎಂದ. ಆಮೇಲೆ ಕಿಂಡಿ ತೆರೆದು ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆಗಳನ್ನು ಹಿಡಿಹಿಡಿಯಾಗಿ ಹೊರತೆಗೆದ. ಆ ದಿನ ಚಿತ್ರೀಕರಣ ಮುಗಿಯಲಿಲ್ಲ. ವಿಜ್ಞಾನ ಓದಿದ ನಾನು ಅವಸರದಲ್ಲಿ ಮರೆತದ್ದನ್ನು ಆತ ಮರೆಯಲಿಲ್ಲ. ಆ ಇಂಪೆಲ್ಲರ್ ಬೆರಳಿಗೂ ಹಗ್ಗಕ್ಕೂ ಭೇದ ಎಣಿಸುವುದಿಲ್ಲ.

ಇಂಥವೇ ಇನ್ನೂ ಎರಡು ಎಚ್ಚರಿಕೆಗಳಿವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಾದರೆ ಕೆಳಗೆ ಸೋರಿ ಹೋಗುತ್ತದೆ. ದೋಣಿಯ ತಳಕ್ಕೆ ತೂತಿಲ್ಲ, ಅಲ್ಲೇ ಮಡುಗಟ್ಟುತ್ತದೆ. ಎಂಜಿನ್ ಶುರುಮಾಡುವ ಮುನ್ನ ಗಾಳಿ ಹೊರಹಾಕುವ ಫ್ಯಾನನ್ನು ಕನಿಷ್ಠ 4 ನಿಮಿಷ ಓಡಿಸಿ, ಮೂಸಿ ನೋಡಿ, ಆಮೇಲೆ ಕೀಲಿ ತಿರುಗಿಸಬೇಕು. ಕಾರಿನ ಸ್ಟಾರ್ಟರ್ ಮೋಟಾರನ್ನು ಹಾಗೆಯೇ ದೋಣಿಗೆ ಕೂರಿಸಬಾರದು. ಕಿಡಿ ಹೊರಬಾರದಂತೆ ದೋಣಿಗೆಂದೇ ಮಾಡಿದ್ದು ಬೇಕು.

ಎರಡನೆಯದು, ಚುಕ್ಕಾಣಿ. ಜೆಟ್ ದೋಣಿಗೆ ಬೇರೆ ಚುಕ್ಕಾಣಿ ಇಲ್ಲ, ಚಿಮ್ಮುವ ನೀರೇ ಚುಕ್ಕಾಣಿ. ಎದುರಿಗೆ ಬಂಡೆ ಕಂಡಾಗ ಹೊಸಬರು ಹೆದರಿ ಥ್ರಾಟಲ್ ಪೂರ್ತಿ ಬಿಟ್ಟುಬಿಡುತ್ತಾರೆ. ನೀರು ನಿಂತಿತು, ತಿರುವೂ ಹೋಯಿತು, ದೋಣಿ ನೇರ ಬಂಡೆಗೇ ಹೋಗುತ್ತದೆ. ತಿರುಗಬೇಕಾದರೆ ಎಂಜಿನ್ನಿಗೆ ಸ್ವಲ್ಪವಾದರೂ ಉಸಿರು ಕೊಡಲೇಬೇಕು.

ಸುಧಾರಣೆ: ಮೊದಲು ಯಾವುದು?

ವೇಗ ಹೆಚ್ಚಿಸಬೇಕೆಂದರೆ ಎಲ್ಲರೂ ಮೊದಲು ಯೋಚಿಸುವುದು ದೊಡ್ಡ ಎಂಜಿನ್. ಲೆಕ್ಕ ಬೇರೆಯೇ ಹೇಳುತ್ತದೆ. ಇಂಪೆಲ್ಲರ್ ಬೇಡುವ ಶಕ್ತಿ ಸುತ್ತಿನ ಘನಕ್ಕೆ ಅನುಪಾತದಲ್ಲಿದೆ. ಸುತ್ತನ್ನು ನೂರಕ್ಕೆ 10ರಷ್ಟು ಏರಿಸಲು 1.1ರ ಘನ, ಅಂದರೆ ಸುಮಾರು 1.33 ಪಟ್ಟು ಶಕ್ತಿ ಬೇಕು. ಮೂರನೆಯ ಒಂದು ಪಾಲು ಹೆಚ್ಚು ಖರ್ಚು, ಹತ್ತನೆಯ ಒಂದು ಪಾಲು ಹೆಚ್ಚು ಸುತ್ತು!

ಆದ್ದರಿಂದ ಅನುಭವಿಗಳ ಕ್ರಮ ಹೀಗೆ: ಮೊದಲು ಬೇಡದ ಭಾರ ಇಳಿಸಿ. ಎರಡನೆಯದಾಗಿ ಸವೆದ ಉಂಗುರ, ಮೊಂಡು ಅಲಗು ಸರಿಪಡಿಸಿ. ಮೂರನೆಯದಾಗಿ ನಿಮ್ಮ ಎಂಜಿನ್ನಿನ ಶಕ್ತಿಗೆ ಒಪ್ಪುವ ಓರೆಯ ಅಲಗುಗಳಿರುವ ಇಂಪೆಲ್ಲರ್ ಹಾಕಿ. ಕಲ್ಲಿನ ನದಿಯಾದರೆ ತಳಕ್ಕೆ ಗಟ್ಟಿ ಜಾತಿಯ ನುಣುಪು ಪ್ಲಾಸ್ಟಿಕ್ ಹಾಳೆ ಬಿಗಿಯಬಹುದು. ಕಲ್ಲು ತಾಗಿದರೂ ಜಾರುತ್ತದೆ. ಕಾಲಿನಿಂದ ಒತ್ತಿ ಕಸ ಉದುರಿಸುವ ಜಾಲರಿಯೂ ಉಂಟು. ಅದಿದ್ದರೆ ಕೈಹಾಕುವ ಪ್ರಸಂಗವೇ ಕಡಿಮೆಯಾಗುತ್ತದೆ. ಚಾಲಕನ ಜಾಕೆಟ್ಟಿಗೆ ಸಿಕ್ಕಿಸುವ ದಾರ, ಆತ ಬಿದ್ದರೆ ಎಂಜಿನ್ ನಿಲ್ಲಿಸುವಂಥದ್ದು, ಇರದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಹಾಕಿ. ಎಂಜಿನ್ನಿನ ಯೋಚನೆ ಕೊನೆಗೆ.

ನಿಮಗೊಂದು ಕೆಲಸ

ಥರ್ಮಾಕೋಲ್ ಹಲಗೆಯ ಮೇಲೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ನಿಲ್ಲಿಸಿ ಕಟ್ಟಿ. ಬುಡದ ಹತ್ತಿರ ಪಕ್ಕಕ್ಕೆ ಒಂದು ರಂಧ್ರ ಮಾಡಿ, ಬೆರಳಿಂದ ಮುಚ್ಚಿ, ನೀರು ತುಂಬಿ, ಮುಚ್ಚಳ ಹಾಕದೆ ತೊಟ್ಟಿಯಲ್ಲಿ ತೇಲಬಿಡಿ. ಬೆರಳು ತೆಗೆದೊಡನೆ ಹಲಗೆ ಹೊರಡುತ್ತದೆ. ಈಗ ಚಿಮ್ಮುವ ನೀರಿನ ಎದುರು, ಸ್ವಲ್ಪ ದೂರದಲ್ಲಿ, ನಿಮ್ಮ ಅಂಗೈ ಹಿಡಿಯಿರಿ. ಹಲಗೆಯ ವೇಗ ಹೆಚ್ಚುತ್ತದೆಯೇ? ದೋಣಿ ಹಿಂದಿನ ನೀರನ್ನು ಒದ್ದು ಮುಂದೆ ಹೋಗುತ್ತದೆ ಎನ್ನುವ ಗೆಳೆಯನಿಗೆ ಇದನ್ನು ತೋರಿಸಿ. ಮೂತಿಯನ್ನು ನೀರಿನಿಂದ ಮೇಲೆತ್ತಿದ ಮೇಲೂ ಹ್ಯಾಮಿಲ್ಟನ್ನರ ದೋಣಿ ಏಕೆ ಓಡಿತು ಎಂಬುದಕ್ಕೆ ಉತ್ತರ ನಿಮ್ಮ ತೊಟ್ಟಿಯಲ್ಲೇ ಸಿಗುತ್ತದೆ.