ದೊಡ್ಡ ಗಾಡಿ, ಚಿಕ್ಕ ಮನೆ

ಮುಂಬಯಿಯಲ್ಲಿ ಸಂಸಾರ ಹೂಡಿದ ನಮ್ಮಂಥವರ ಮನೆಗೆ ಯಾವುದೇ ವಸ್ತು ಬಂದರೂ ಮೊದಲು ಏಳುವ ಪ್ರಶ್ನೆ ಅದರ ಬೆಲೆಯದಲ್ಲ, ಅದನ್ನು ಎಲ್ಲಿಡಬೇಕೆಂಬುದು. ಹೋದ ವರ್ಷ ಜರ್ಮನಿಯಿಂದ ಬಂದ ನನ್ನ ಭಾವಮೈದುನ ನಮ್ಮ ಮಗನಿಗೆಂದು ಒಂದು ಆಟದ ರೈಲು ತಂದ. ಪೆಟ್ಟಿಗೆಯ ಗಾತ್ರ ನೋಡಿ ನನ್ನ ಮನೆಯವಳು, “ಕೊಡೂದೇನೋ ಕೊಟ್ಟಿ ತಮ್ಮಾ, ಇದನ್ನ ಇಡಾಕ ಒಂದು ಖೋಲೀನೂ ತರಬೇಕಿತ್ತು” ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಗೇಣುದ್ದದ ಎಂಜಿನ್ನು, ಎರಡು ಡಬ್ಬಿ, ಹನ್ನೆರಡು ಬಾಗಿದ ಹಿತ್ತಾಳೆಯ ಹಳಿ. ಜೋಡಿಸಿದರೆ ನಾಲ್ಕು ಅಡಿ ಮೀರಿದ ವರ್ತುಲ. ನಮ್ಮ ನಡುಮನೆ ಹತ್ತಡಿಗೆ ಹನ್ನೆರಡಡಿ. ಅದರಲ್ಲಿ ತಂದೆಯವರ ಮಂಚ, ಹಾಸಿಗೆಯ ಎರಡು ಟ್ರಂಕು. ರಾತ್ರಿ ಊಟವಾದ ಮೇಲೆ ಹಾಸಿಗೆ ಬಿಚ್ಚುವವರೆಗಿನ ಅರ್ಧ ಗಂಟೆಯೇ ಈ ಗಾಡಿಯ ವೇಳಾಪಟ್ಟಿ. ದಿನವೂ ಹಳಿ ಕೂಡಿಸುವುದಕ್ಕೆ ಹತ್ತು ನಿಮಿಷ, ಬಿಚ್ಚುವುದಕ್ಕೆ ಹತ್ತು ನಿಮಿಷ. ಓಡಿಸುವುದಕ್ಕೆ ಉಳಿದದ್ದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಆಟದ ರೈಲುಗಳ ಚರಿತ್ರೆಯೆಂದರೆ ಮನೆಗಳು ಚಿಕ್ಕವಾಗುತ್ತ ಬಂದ ಚರಿತ್ರೆಯೇ ಸರಿ. 1891ರಲ್ಲಿ ಜರ್ಮನಿಯ ಮೆರ್ಕ್ಲಿನ್ ಸಂಸ್ಥೆಯವರು ಹಳಿಯ ಅಗಲಕ್ಕೆ ಅಂಕೆಗಳನ್ನಿಟ್ಟು ಗೊತ್ತುಪಡಿಸಿದರು. ಇಂದಿನ ಲೆಕ್ಕದಲ್ಲಿ ಒಂದನೆಯ ಅಳತೆಯ ಹಳಿ 45 ಮಿಲಿಮೀಟರ್. ಅದಕ್ಕಿಂತ ಕಿರಿದು ಬೇಕಾದಾಗ ‘ಸೊನ್ನೆ’ ಬಂತು, 32 ಮಿಲಿಮೀಟರ್. ಅದೂ ದೊಡ್ಡದಾಯಿತೆಂದು 1935ರಲ್ಲಿ ಊಟದ ಮೇಜಿನ ಮೇಲೆ ಹಿಡಿಸುವಂತೆ ಅದರ ಅರ್ಧ ಮಾಡಿದರು. ಇಂದು ಲೋಕದಲ್ಲೆಲ್ಲ ಪ್ರಸಿದ್ಧವಾದ ‘ಎಚ್‌ಓ’ ಎಂಬ ಹೆಸರಿನ ಅರ್ಥವೇ ಅರ್ಧ ಸೊನ್ನೆ. ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. 1960ರ ದಶಕದಲ್ಲಿ 9 ಮಿಲಿಮೀಟರಿನ ಹಳಿ, 1972ರಲ್ಲಿ ಆರೂವರೆ ಮಿಲಿಮೀಟರಿನದು! ಸೊನ್ನೆಗೆ ಅರ್ಧವುಂಟೆಂದು ನಮ್ಮ ಗಣಿತದ ಮಾಸ್ತರರು ಎಂದೂ ಹೇಳಿಕೊಟ್ಟಿರಲಿಲ್ಲ.

ಈ ಇಳಿತಕ್ಕೆ ಎದುರಾಗಿ ಹೊರಟವರು ನ್ಯೂರೆಂಬರ್ಗಿನ ಲೇಮನ್ ಸಂಸ್ಥೆಯವರು. 1968ರಲ್ಲಿ ಅವರು 45 ಮಿಲಿಮೀಟರ್ ಹಳಿಗೆ ಮರಳಿ, ನಿಜದ 22.5ರಲ್ಲಿ ಒಂದು ಪಾಲಿನಷ್ಟು ದೊಡ್ಡ ಗಾಡಿಗಳನ್ನು ಮಾಡಿದರು. ಮಳೆ ಬಿಸಿಲು ತಡೆಯುವಂತೆ ಕಟ್ಟಿದ ಗಾಡಿಗಳಿವು. ಮನೆಯಲ್ಲಿ ಜಾಗವಿಲ್ಲದಿದ್ದರೆ ಹಿತ್ತಿಲಲ್ಲಿ ಓಡಲಿ ಎಂಬ ಎಣಿಕೆ. ಇಂಗ್ಲೆಂಡಿನ ಬೀಕನ್ಸ್‌ಫೀಲ್ಡಿನಲ್ಲಿ ರೋಲಂಡ್ ಕ್ಯಾಲಿಂಗ್‌ಹ್ಯಾಮ್ ಎಂಬ ಲೆಕ್ಕಿಗರು 1929ರಲ್ಲೇ ತಮ್ಮ ತೋಟದಲ್ಲಿ ಒಂದು ಪುಟ್ಟ ಊರನ್ನು ತೆರೆದು, ಅದರ ನಡುವೆ ಒಂದನೆಯ ಅಳತೆಯ ರೈಲು ಓಡಿಸಿದ್ದರು. ‘ಮನೆಯಲ್ಲಿ ಒಂದೋ ರೈಲು ಇರಬೇಕು, ಇಲ್ಲವೇ ನಾನು’ ಎಂದು ಪತ್ನಿ ಹಟ ಹಿಡಿದದ್ದರಿಂದ ಅದು ತೋಟ ಸೇರಿತೆಂದು ಕಥೆ ಹೇಳುತ್ತಾರೆ. ಈ ಕಥೆಯನ್ನು ನಾನಿನ್ನೂ ಮನೆಯಲ್ಲಿ ಹೇಳಿಲ್ಲ. ನಮಗೆ ತೋಟವಿಲ್ಲವಷ್ಟೆ!

ಹಾಗಾದರೆ ದೊಡ್ಡದೇ ಏಕೆ? ಪುಣೆಯ ಕೋಥ್ರುಡ್‌ನಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರುರೈಲುಗಳ ಸಂಗ್ರಹಾಲಯಕ್ಕೆ ಮಗನನ್ನು ಕರೆದೊಯ್ದಿದ್ದೆ. ಅಲ್ಲಿ ಬಹುಪಾಲು ಗಾಡಿಗಳು 87ರಲ್ಲಿ ಒಂದರವು. ಬೆಟ್ಟ, ಸೇತುವೆ, ದೀಪಗಳೊಡನೆ ಇಡೀ ಪಟ್ಟಣವನ್ನು ವಿಮಾನದಿಂದ ನೋಡಿದ ಹಾಗೆ ಆನಂದವಾಗುತ್ತದೆ. ದೊಡ್ಡ ಗಾಡಿಯ ಸುಖ ಬೇರೆ. ಉದ್ದ ಇಮ್ಮಡಿಯಾದರೆ ಗಾತ್ರ ಎಂಟು ಪಟ್ಟಾಗುತ್ತದೆ. ಎಂಜಿನ್ನನ್ನು ಕೈಯಲ್ಲಿ ಹಿಡಿದರೆ ಅಂಗೈಗೆ ಭಾರ ತಿಳಿಯುತ್ತದೆ. ಹಳಿಯ ಕೂಡುಗಳ ಮೇಲೆ ಗಾಲಿ ನಿಧಾನವಾಗಿ ‘ಟಕ್’ ಎನ್ನುತ್ತದೆ. ನೆಲದ ಮೇಲೆ ಅಡ್ಡಾಗಿ ಕಣ್ಣನ್ನು ಹಳಿಯ ಮಟ್ಟಕ್ಕೆ ತಂದರೆ ಸ್ಟೇಶನ್ನಿನ ಕಟ್ಟೆಯ ಮೇಲೆ ನಿಂತಂತೆಯೇ.

ಇದನ್ನು ನನಗೆ ತೋರಿಸಿಕೊಟ್ಟವರು ತಂದೆಯವರು. ಎಪ್ಪತ್ತು ದಾಟಿದೆ, ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದರದು ಬಾಕಿ, ಬೆರಳು ನಡುಗುತ್ತವೆ. ತಾಯಿ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿಸಿ ನಾನೇ ಅವರನ್ನು ಇಲ್ಲಿಗೆ ಕರೆತಂದೆ. ಕಿಟಕಿಯ ಬಳಿ ಕುಳಿತರೆ ಕುಳಿತಲ್ಲೇ. ಮಾತು ಬಹಳ ಕಡಿಮೆಯಾಗಿತ್ತು. ಮೊದಲ ರಾತ್ರಿ ಗಾಡಿ ಓಡಿದಾಗ ಮಂಚದಿಂದ ಬಗ್ಗಿ ನೋಡಿ, “ಇದು ನಮ್ಮ ಮಿರಜಿನ ಸಣ್ಣ ಗಾಡಿ ಹಳಿ ಇದ್ದಂಗ ಐತಲ್ಲೋ!” ಎಂದರು.

ನಾನು ಗುಮಾಸ್ತೆ, ಲೆಕ್ಕ ಮಾಡದೆ ನಂಬುವವನಲ್ಲ. 45ನ್ನು 22.5ರಿಂದ ಗುಣಿಸಿದೆ. ಉತ್ತರ 1012.5 ಮಿಲಿಮೀಟರ್. ಅಂದರೆ ಒಂದು ಮೀಟರಿಗೆ ಅರ್ಧ ಅಂಗುಲ ಹೆಚ್ಚು. ತಂದೆಯವರ ಒಂದು ಪೊರೆಯ ಕಣ್ಣು ಸರಿಯಾಗಿಯೇ ಹೇಳಿತ್ತು, ಅದು ಮೀಟರ್‌ಗೇಜೇ! ಮುಂಬಯಿಯಿಂದ ಮಿರಜಿನವರೆಗೆ ಅಗಲದ ಗಾಡಿ, ಅಲ್ಲಿಂದ ಹುಬ್ಬಳ್ಳಿಗೆ ಮೀಟರ್‌ಗೇಜು. 1990ರ ದಶಕದಲ್ಲಿ ಹಳಿ ಅಗಲವಾಗುವತನಕ ಮಿರಜಿನಲ್ಲಿ ಇಳಿದು ಗಂಟುಮೂಟೆಗಳೊಡನೆ ಗಾಡಿ ಬದಲಿಸದೆ ಊರು ಕಂಡ ಮುಂಬಯಿ ಕನ್ನಡಿಗರು ಎಷ್ಟು ಜನ? ತಂದೆಯವರ ಹೆಗಲ ಮೇಲೆ ನಿದ್ದೆಗಣ್ಣಿನಲ್ಲಿ ಆ ಕಟ್ಟೆ ದಾಟಿದ ನೆನಪು ನನಗೂ ಮಸುಕಾಗಿ ಉಂಟು.

ಮರುದಿನದಿಂದ ಅವರಿಗೆ ಒಂದೇ ಚಿಂತೆ: ಮಿರಜಿನ ಗಾಡಿ ಮಾಡಬೇಕು. ಆದರೆ 20 ಮೀಟರಿನ ಒಂದು ಡಬ್ಬಿ ಈ ಅಳತೆಯಲ್ಲಿ 89 ಸೆಂಟಿಮೀಟರ್ ಆಗುತ್ತದೆ. ಹತ್ತು ಡಬ್ಬಿ ಜೋಡಿಸಿದರೆ ಎಂಜಿನ್ನು ಅಡಿಗೆಮನೆಯಲ್ಲಿರುವಾಗ ಗಾರ್ಡನು ಮೆಟ್ಟಿಲ ಮೇಲಿರಬೇಕಾಗುತ್ತದೆ! ಚಿಕ್ಕ ಅಳತೆಯ ಗಾಡಿ ಕೊಂಡುಬಿಡೋಣವೆಂದರೆ ಅದು ತಂದೆಯವರ ಕಣ್ಣಿಗೆ ಕಾಣದು, ಬೆರಳಿಗೆ ನಿಲುಕದು.

ದಾರಿ ಸಿಕ್ಕಿದ್ದು ಇಂಗ್ಲೆಂಡಿನ ಆಲನ್ ರೈಟ್ ಎಂಬವರ ‘ಇಂಗಲ್‌ನುಕ್’ ಎಂಬ ಏರ್ಪಾಟಿನಲ್ಲಿ. ಗಾಡಿ ಸುತ್ತಬೇಕೆಂಬ ನಿಯಮವೇನಿದೆ? ಅವರದರಲ್ಲಿ ವರ್ತುಲವೇ ಇಲ್ಲ. ಮೂರು ಕುರುಡು ಹಳಿಗಳು. ಒಂದರಲ್ಲಿ ಐದು, ಉಳಿದೆರಡರಲ್ಲಿ ಮೂರು ಮೂರು ಸಾಮಾನಿನ ಡಬ್ಬಿ ಹಿಡಿಸುತ್ತವೆ. ಎಂಟು ಡಬ್ಬಿಗಳಲ್ಲಿ ಐದನ್ನು ಚೀಟಿ ಎತ್ತಿದ ಕ್ರಮದಲ್ಲಿ ಜೋಡಿಸಿ ನಿಲ್ಲಿಸಬೇಕು. ಹಾಗೆ ಬರಬಹುದಾದ ಕ್ರಮಗಳು 6,720. ಗಾಡಿ ಎಲ್ಲಿಗೂ ಹೋಗುವುದಿಲ್ಲ, ಆದರೂ ಕೆಲಸ ಮುಗಿಯುವುದಿಲ್ಲ. ನಮ್ಮ ಕಚೇರಿಯ ಕಡತಗಳ ಹಾಗೆಯೇ.

ನಾವು ಅದನ್ನೂ ಮೊಟಕು ಮಾಡಿದೆವು. ಎಂಟಡಿ ಉದ್ದ, ಒಂದಡಿ ಅಗಲದ ಹಲಗೆ; ಹಳಿ ಕವಲೊಡೆಯುವುದಕ್ಕೆ ಒಂದೇ ಪಾಯಿಂಟು; ಎರಡು ದಾರಿ, ನಾಲ್ಕು ಮೋಟು ಡಬ್ಬಿ. ಹಲಗೆ ಗೋಡೆಗೆ ಹತ್ತಿ ಎರಡು ಟ್ರಂಕುಗಳ ಮೇಲೆ ಕೂತಿದೆ. ಟ್ರಂಕು ತೆರೆಯಬೇಕಾದಾಗ ಕರೆದ ಕೂಡಲೆ ಇಬ್ಬರು ಬಂದು ಎತ್ತಬೇಕೆಂಬುದು ಮನೆಯವಳ ಕರಾರು. ಕೊಂಡದ್ದು ಗಾಲಿಗಳನ್ನು ಮಾತ್ರ. ಡಬ್ಬಿಗಳನ್ನು ತಂದೆಯವರೇ ತೆಳು ಹಲಗೆಯಲ್ಲಿ ಮಾಡಿದ್ದಾರೆ. ಈ ಅಳತೆಯಲ್ಲಿ ಬಾಗಿಲ ಚಿಲಕವೂ ಬೆರಳಿಗೆ ಸಿಗುವಷ್ಟು ದೊಡ್ಡದು. ಒಂದು ಡಬ್ಬಿಯ ಗೋಡೆ ತುಸು ವಾಲಿದೆ. ತಿದ್ದಲೇ ಎಂದು ಕೇಳಿದ್ದಕ್ಕೆ, “ಬ್ಯಾಡ. ಮಿರಜಿನ್ಯಾಗ ಅಂಥಾವೂ ಇದ್ವು” ಎಂದರು.

ಮಗ ಶಾಲೆಯಿಂದ ಬಂದೊಡನೆ ಚೀಟಿ ಎತ್ತುತ್ತಾನೆ. “ಅಜ್ಜಾ, ಮೂರನೇದು ಮೊದಲು!” ಎಂದರೆ ಅಜ್ಜ ಮಂಚದ ಅಂಚಿಗೆ ಸರಿದು ಎಂಜಿನ್ನು ಹಿಂದೆ ಬಿಡುತ್ತಾರೆ. ಮೊನ್ನೆ ಮನೆಯವಳೂ ಅಡಿಗೆ ಬಿಟ್ಟು ಬಂದು, ಎರಡನೆಯ ಡಬ್ಬಿಯನ್ನು ತಪ್ಪು ಹಳಿಗೆ ದೂಡಿದ್ದೀರೆಂದು ಮೂವರನ್ನೂ ತಿದ್ದಿ ಹೋದಳು. ಈಗ ತಂದೆಯವರು ಬೆಂಕಿಕಡ್ಡಿಗಳಿಂದ ಮಿರಜಿನ ಹಮಾಲರ ಕೈಗಾಡಿ ಮಾಡುತ್ತಿದ್ದಾರೆ. ಅದಕ್ಕೆ ಹಲಗೆಯ ಮೇಲೆ ಮೂರು ಅಂಗುಲ ಜಾಗ ಹುಡುಕಬೇಕು.