ಸೋತ ತಂಡದ ಬಲ, ಗೆದ್ದ ತಂಡದ ಕೊರತೆ

ಚೆನ್ನೈಯಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಿಗೆ ಬೆಂಗಳೂರು ಮತ್ತು ಚೆನ್ನೈ ತಂಡಗಳು ಎದುರುಬದುರಾದ ದಿನ ಒಂದು ಸಣ್ಣ ಧರ್ಮಸಂಕಟ ತಪ್ಪಿದ್ದಲ್ಲ. ಮನೆಯ ಹಿರಿಯರ ಒಲವು ಹುಟ್ಟಿದ ನೆಲದತ್ತ ವಾಲಿದರೆ, ಇಲ್ಲಿಯೇ ಹುಟ್ಟಿ ಇಲ್ಲಿಯ ಶಾಲೆಗಳಲ್ಲಿ ಓದಿದ ಮಕ್ಕಳ ಒಲವು ಬೆಳೆದ ನೆಲದತ್ತ ವಾಲುತ್ತದೆ. ಒಂದೇ ದೂರದರ್ಶನದ ಮುಂದೆ ಎರಡು ಪಕ್ಷಗಳು ಕುಳಿತಿರುತ್ತವೆ. ಪಂದ್ಯ ಮುಗಿದ ಮೇಲೆ ನಡೆಯುವ ವಾದವಂತೂ ಪಂದ್ಯಕ್ಕಿಂತ ದೀರ್ಘವಾದುದು.

ಈ ವಾದದಲ್ಲಿ ನಾವೆಲ್ಲರೂ ಸಾಮಾನ್ಯವಾಗಿ ಎರಡು ತಪ್ಪುಗಳನ್ನು ಮಾಡುತ್ತೇವೆ. ನಮ್ಮ ತಂಡ ಗೆದ್ದಾಗ ಅದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಸೋತಾಗ, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಧಾಟಿಯಲ್ಲಿ ಅದೃಷ್ಟವನ್ನೂ ತೀರ್ಪುಗಾರರನ್ನೂ ದೂರುತ್ತೇವೆ. ಹಾಗಾದರೆ ಪಂದ್ಯವೊಂದು ಮುಗಿದ ಮೇಲೆ ತಂಡದ ಬಲಾಬಲವನ್ನು ನ್ಯಾಯವಾಗಿ ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಎರಡು ಊರುಗಳ ನಡುವೆ ನಡೆದ ಒಂದು ಕಾಲ್ಚೆಂಡಿನ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರುವುದಿಲ್ಲ. ಅದು 2018ರ ಮಾರ್ಚ್ 17ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಪಂದ್ಯಾವಳಿಯ ಅಂತಿಮ ಹಣಾಹಣಿ.

ಕ್ರಿಕೆಟ್ಟಿನ ನಾಡಿನವರಿಗೆ ಕಾಲ್ಚೆಂಡಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಆದರೆ ಈ ಆಟ ಕನ್ನಡನಾಡಿಗೆ ಹೊಸದೇನಲ್ಲ. ರಾಷ್ಟ್ರೀಯ ಮಟ್ಟದ ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತ್ತು. ಕೊನೆಯ ಗೆಲುವು 1968–69ರದು. ಆ ಬಳಿಕ ಐದು ದಶಕಗಳ ಬರಗಾಲ ಕಳೆದು, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ಮನೆಗೆ ತಂದಿತು.

ಪಂದ್ಯಕ್ಕೆ ಮುನ್ನ

2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿ, ಮೊದಲ ವರ್ಷವೇ ಐ-ಲೀಗ್ ಗೆದ್ದು ಎಲ್ಲರ ಹುಬ್ಬೇರಿಸಿತ್ತು. 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ತಂಡವೆಂಬ ಹಿರಿಮೆಯೂ ಅದರದೇ. 2017–18ರಲ್ಲಿ ಅದು ಸೂಪರ್ ಲೀಗ್‌ಗೆ ಮೊದಲ ಬಾರಿ ಕಾಲಿಟ್ಟಿತು. ಲೀಗ್ ಹಂತದ 18 ಪಂದ್ಯಗಳಲ್ಲಿ 13ನ್ನು ಗೆದ್ದು 40 ಅಂಕಗಳೊಡನೆ ಅಗ್ರಸ್ಥಾನ ಪಡೆಯಿತು. ಬಿಟ್ಟುಕೊಟ್ಟ ಗೋಲುಗಳು ಕೇವಲ 16. ಅಂದರೆ ಪಂದ್ಯಕ್ಕೆ ಒಂದು ಗೋಲೂ ಸರಾಸರಿ ಬೀಳುವುದಿಲ್ಲ.

ಎರಡನೆಯ ಸ್ಥಾನದಲ್ಲಿದ್ದ ಚೆನ್ನೈಯಿನ್ ಎಫ್‌ಸಿ ಗಳಿಸಿದ್ದು 32 ಅಂಕ. ನಡುವಿನ ಅಂತರ 8. 2015ರಲ್ಲಿ ಒಮ್ಮೆ ಪ್ರಶಸ್ತಿ ಗೆದ್ದಿದ್ದ ಈ ತಂಡಕ್ಕೆ ಆ ವರ್ಷ ಇಂಗ್ಲೆಂಡಿನ ಜಾನ್ ಗ್ರೆಗರಿ ತರಬೇತುದಾರರು. ಬೆಂಗಳೂರಿಗೆ ಸ್ಪೇನಿನ ಆಲ್ಬರ್ಟ್ ರೋಕಾ. ಅಂತಿಮ ಪಂದ್ಯ ಬೆಂಗಳೂರಿನ ತವರು ಅಂಗಳದಲ್ಲಿಯೇ ನಿಗದಿಯಾಗಿದ್ದುದರಿಂದ ಫಲಿತಾಂಶದ ಬಗ್ಗೆ ನಮ್ಮ ಹಿರಿಯರಿಗೆ ಸಂಶಯವೇ ಇರಲಿಲ್ಲ. ಆದರೆ ಅದೇ ಅಂಗಳದಲ್ಲಿ 2017ರ ಡಿಸೆಂಬರ್ 17ರಂದು ಚೆನ್ನೈ ತಂಡ 2–1ರಿಂದ ಗೆದ್ದು ಹೋಗಿತ್ತು ಎಂಬುದನ್ನು ಮನೆಯ ಮಕ್ಕಳು ಮರೆತಿರಲಿಲ್ಲ.

ಐದು ಗೋಲುಗಳ ಕಥೆ

ಪಂದ್ಯದ 9ನೆಯ ನಿಮಿಷದಲ್ಲಿ ಬಲಬದಿಯಿಂದ ಉದಾಂತ ಸಿಂಗ್ ಕಳುಹಿಸಿದ ಚೆಂಡಿಗೆ ನಾಯಕ ಸುನಿಲ್ ಛೆಟ್ರಿ ಮುಂದಕ್ಕೆ ಹಾರಿ ತಲೆಕೊಟ್ಟು ಬೆಂಗಳೂರಿಗೆ ಮುನ್ನಡೆ ತಂದರು. 17ನೆಯ ನಿಮಿಷದಲ್ಲಿ ಚೆನ್ನೈಗೆ ಕಾರ್ನರ್ ದೊರೆಯಿತು. ಗ್ರೆಗರಿ ನೆಲ್ಸನ್ ಒದ್ದ ಚೆಂಡನ್ನು ಬ್ರೆಜಿಲ್‌ನ ರಕ್ಷಣಾ ಆಟಗಾರ ಮೈಲ್ಸನ್ ಆಲ್ವೆಸ್ ತಲೆಯಿಂದ ಗೋಲಿಗೆ ನೂಕಿದರು. ವಿರಾಮಕ್ಕೆ ಇನ್ನೇನು ಸೀಟಿ ಊದಬೇಕು ಎನ್ನುವ 45ನೆಯ ನಿಮಿಷದಲ್ಲಿ ಮತ್ತೊಂದು ಕಾರ್ನರ್. ಮತ್ತೆ ನೆಲ್ಸನ್ ಅವರ ಕಾಲು, ಮತ್ತೆ ಮೈಲ್ಸನ್ ಅವರ ತಲೆ. 67ನೆಯ ನಿಮಿಷದಲ್ಲಿ ರಾಫೆಲ್ ಅಗಸ್ಟೊ ಪೆನಾಲ್ಟಿ ಆವರಣದ ಹೊರಗಿನಿಂದ ಒದ್ದ ಚೆಂಡು ಬಲೆ ಸೇರಿ ಅಂತರ 3–1 ಆಯಿತು. ಹೆಚ್ಚುವರಿ ಸಮಯದ ಎರಡನೆಯ ನಿಮಿಷದಲ್ಲಿ, ಮತ್ತೆ ಉದಾಂತ ಅವರ ನೆರವಿನಿಂದ, ವೆನೆಜುವೆಲಾದ ಮಿಕು ಬೆಂಗಳೂರಿಗೆ ಎರಡನೆಯ ಗೋಲು ಗಳಿಸಿದರಾದರೂ ಕಾಲ ಮಿಂಚಿತ್ತು. ಚೆನ್ನೈ 3–2ರಿಂದ ಗೆದ್ದಿತು.

ಸೋಲಿನ ಲೆಕ್ಕ ಬಿಡಿಸುವ ಬಗೆ

ಬ್ಯಾಂಕಿನಲ್ಲಿ ದಿನ ಕಳೆಯುವ ನಮಗೆ ಒಂದು ವಿಷಯ ರೂಢಿಯಾಗಿದೆ. ಸಂಜೆ ನಗದು ತಾಳೆಯಾಗದಿದ್ದರೆ ಕೊರತೆಯ ಮೊತ್ತವನ್ನು ನೋಡಿ ಗಾಬರಿಯಾಗುವುದರಿಂದ ಪ್ರಯೋಜನವಿಲ್ಲ. ವ್ಯತ್ಯಾಸ ಯಾವ ಚೀಟಿಯಲ್ಲಿ ಹುಟ್ಟಿತು ಎಂದು ಒಂದೊಂದಾಗಿ ತಿರುವಿ ನೋಡಬೇಕು. ಆಟದಲ್ಲಿಯೂ ಹಾಗೆಯೇ. ಮೂರು ಗೋಲು ಬಿದ್ದವು ಎಂಬುದು ಮೊತ್ತ ಮಾತ್ರ. ಅವು ಹೇಗೆ ಬಿದ್ದವು, ಯಾವಾಗ ಬಿದ್ದವು, ಹಿಂದೆಯೂ ಹಾಗೆ ಬೀಳುತ್ತಿದ್ದವೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದಾಗಲೇ ನಿಜವಾದ ಕೊರತೆ ಕೈಗೆ ಸಿಗುತ್ತದೆ.

ಮೊದಲನೆಯದು, ಹೇಗೆ ಎಂಬುದು. ಬೆಂಗಳೂರು ಬಿಟ್ಟುಕೊಟ್ಟ ಮೂರರಲ್ಲಿ ಎರಡು ಕಾರ್ನರ್‌ನಿಂದ ಬಂದವು. ರಕ್ಷಣೆ ಮಾಡುವ ತಂಡದವರನ್ನು ಕೊನೆಯದಾಗಿ ತಾಗಿದ ಚೆಂಡು ಅವರದೇ ಗೋಲುಗೆರೆಯನ್ನು ದಾಟಿ ಹೊರಗೆ ಹೋದರೆ, ಎದುರು ತಂಡಕ್ಕೆ ಅಂಗಳದ ಮೂಲೆಯಿಂದ ಒದೆಯುವ ಅವಕಾಶ ದೊರೆಯುತ್ತದೆ. ಆಗ ಓಡುತ್ತಿದ್ದ ಆಟ ನಿಲ್ಲುತ್ತದೆ. ವೇಗಕ್ಕೂ ಚೆಂಡಿನ ಹಿಡಿತಕ್ಕೂ ಬೆಲೆ ಕಡಿಮೆಯಾಗಿ, ಎತ್ತರಕ್ಕೂ ಎಚ್ಚರಕ್ಕೂ ಬೆಲೆ ಹೆಚ್ಚುತ್ತದೆ. ರಕ್ಷಿಸುವವರು ಒಬ್ಬೊಬ್ಬ ಎದುರಾಳಿಯನ್ನು ನೆರಳಿನಂತೆ ಹಿಂಬಾಲಿಸಬೇಕು, ಇಲ್ಲವೇ ಒಂದೊಂದು ಜಾಗವನ್ನು ಕಾಯಬೇಕು. ಎರಡು ಕ್ರಮಗಳಲ್ಲಿ ಯಾವುದನ್ನು ಆರಿಸಿದರೂ, ‘ಇವನು ನಿನ್ನವನು’ ಎಂಬ ಹೊಣೆ ಒಂದು ಕ್ಷಣ ತಪ್ಪಿದರೆ ಸಾಕು. ಆದ್ದರಿಂದ ಬೆಂಗಳೂರಿನ ರಕ್ಷಣೆ ಒಟ್ಟಾರೆ ಕುಸಿಯಿತು ಎನ್ನುವುದು ಸರಿಯಲ್ಲ. ಓಡುವ ಆಟದಲ್ಲಿ ಅದು ಬಿಟ್ಟುಕೊಟ್ಟದ್ದು ಒಂದೇ ಗೋಲು. ನಿಂತ ಚೆಂಡನ್ನು ಎದುರಿಸುವುದರಲ್ಲಿ ಅದು ಎಡವಿತು ಎನ್ನುವುದು ಸರಿ.

ಎರಡನೆಯದು, ಯಾವಾಗ ಎಂಬುದು. ಮೊದಲ ಕಾರ್ನರ್ ಗೋಲನ್ನು ಮೈಮರೆವು ಎಂದು ಕ್ಷಮಿಸಬಹುದು. ಅದೇ ಒದೆಗಾರ, ಅದೇ ಆಟಗಾರ ಇಪ್ಪತ್ತೆಂಟು ನಿಮಿಷಗಳ ಬಳಿಕ ಅದೇ ದಾರಿಯಲ್ಲಿ ಮತ್ತೆ ಗೋಲು ಗಳಿಸಿದರೆ, ಅದನ್ನು ಮೈಮರೆವು ಎನ್ನಲಾಗದು. ಪಂದ್ಯ ನಡೆಯುತ್ತಿರುವಾಗಲೇ ಪಾಠ ಕಲಿಯುವ ಶಕ್ತಿ ಅಂದು ಕಡಿಮೆಯಿತ್ತು ಎನ್ನಬೇಕು. ಅದೂ ವಿರಾಮಕ್ಕೆ ಮುನ್ನ ಬಿದ್ದ ಗೋಲು. ಸಮಬಲದಿಂದ ಒಳಗೆ ಹೋಗಬೇಕಾದ ತಂಡ ಹಿನ್ನಡೆಯಿಂದ ಹೋಗುತ್ತದೆ. ತರಬೇತುದಾರರು ಹದಿನೈದು ನಿಮಿಷಗಳಲ್ಲಿ ಹೇಳಬೇಕೆಂದಿದ್ದ ಮಾತುಗಳೇ ಬದಲಾಗುತ್ತವೆ.

ಮೂರನೆಯದು, ಹಿಂದಿನ ನಡವಳಿಕೆ. ಆ ವರ್ಷ ಮಿಕು 15 ಗೋಲು ಗಳಿಸಿದರು, ಛೆಟ್ರಿ 14. ಅಂತಿಮ ಪಂದ್ಯದ ಎರಡು ಗೋಲುಗಳೂ ಇವರಿಬ್ಬರವೇ. ಇದು ತಂಡದ ದೊಡ್ಡ ಬಲ. ಇದೇ ಅದರ ಕೊರತೆಯೂ ಹೌದು. ಮನೆಗೆ ಇಬ್ಬರೇ ದುಡಿದು ತರುವವರಿದ್ದರೆ, ಅವರಿಬ್ಬರನ್ನು ತಡೆದು ನಿಲ್ಲಿಸಿದ ದಿನ ಒಲೆ ಉರಿಯುವುದು ಕಷ್ಟ. 9ನೆಯ ನಿಮಿಷದಿಂದ 90ನೆಯ ನಿಮಿಷದವರೆಗೆ ಬೆಂಗಳೂರಿಗೆ ಗೋಲು ಬರಲಿಲ್ಲ ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಗೆದ್ದವರ ಪುಟವನ್ನೂ ತಿರುವಬೇಕು

ಗೆದ್ದೆತ್ತಿನ ಬಾಲ ಹಿಡಿಯುವ ಅಭ್ಯಾಸ ನಮ್ಮೆಲ್ಲರಿಗೂ ಇರುವುದರಿಂದ ಗೆದ್ದ ತಂಡದ ಕೊರತೆಯನ್ನು ಯಾರೂ ಎತ್ತುವುದಿಲ್ಲ. ಚೆನ್ನೈ ತಂಡದ ಬಲಗಳು ನಿಜವಾದವು. ಮೈಲ್ಸನ್ ಮತ್ತು ನಾಯಕ ಹೆನ್ರಿಕ್ ಸೆರೆನೊ ಅವರ ಗಟ್ಟಿಯಾದ ನಡುರಕ್ಷಣೆ, ಅಗಸ್ಟೊ ಅವರ ಚಾಕಚಕ್ಯತೆ, ಉತ್ತರ ಚೆನ್ನೈಯ ವ್ಯಾಸರಪಾಡಿಯ ಬೀದಿಗಳಲ್ಲಿ ಆಡಿ ಬೆಳೆದ ಧನಪಾಲ್ ಗಣೇಶ್ ಅವರ ದಣಿವರಿಯದ ದುಡಿಮೆ. ಡಿಸೆಂಬರಿನಲ್ಲಿ ಕಂಠೀರವದಲ್ಲಿ ಗೆಲುವಿನ ಗೋಲು ಹೊಡೆದವರೂ ಗಣೇಶ್ ಅವರೇ. ಎದುರಾಳಿಯ ಅಂಗಳದಲ್ಲಿ ಆರಂಭದಲ್ಲಿಯೇ ಹಿಂದೆ ಬಿದ್ದರೂ ಕಂಗೆಡದೆ ತಿರುಗಿ ನಿಂತ ಮನೋಬಲವಂತೂ ಮೆಚ್ಚತಕ್ಕದ್ದು.

ಆದರೂ ಕೊರತೆಗಳಿದ್ದವು. ಬೆಂಗಳೂರಿನ ಎರಡೂ ಗೋಲುಗಳಿಗೆ ಉದಾಂತ ಅವರೇ ದಾರಿ ಮಾಡಿಕೊಟ್ಟರು. ಒಬ್ಬ ವೇಗದ ಆಟಗಾರನನ್ನು ತಡೆಯುವ ಉಪಾಯ ಕೊನೆಯವರೆಗೂ ಪೂರ್ತಿಯಾಗಿ ಸಿಗಲಿಲ್ಲ. ಲೀಗ್ ಹಂತದ 18 ಪಂದ್ಯಗಳಲ್ಲಿ ಚೆನ್ನೈ ಗಳಿಸಿದ ಗೋಲುಗಳು 24. ಬೆಂಗಳೂರು ಗಳಿಸಿದ್ದು 35. ಅಂದರೆ ಅದು ಸಣ್ಣ ಅಂತರಗಳಲ್ಲಿ ಗೆದ್ದು ಬಂದ ತಂಡ. ಸಣ್ಣ ಅಂತರದ ಗೆಲುವುಗಳು ಶಿಸ್ತಿನ ಫಲವಾದರೂ, ರಕ್ಷಣೆಯ ಒಂದು ಕಂಬ ಸರಿದರೆ ಅವೇ ಸಣ್ಣ ಅಂತರದ ಸೋಲುಗಳಾಗಿ ಮಾರ್ಪಡುವ ಅಪಾಯವೂ ಇರುತ್ತದೆ.

ಕಾಲ ಕೊಟ್ಟ ಉತ್ತರ

ಮುಂದಿನ ಹನ್ನೆರಡು ತಿಂಗಳು ಈ ವಿಮರ್ಶೆಗೆ ಸಾಕ್ಷಿ ನುಡಿದವು. ಬೆಂಗಳೂರು 2018ರ ಏಪ್ರಿಲ್ ತಿಂಗಳಲ್ಲಿಯೇ ಈಸ್ಟ್ ಬೆಂಗಾಲ್ ತಂಡವನ್ನು ಸೋಲಿಸಿ ಸೂಪರ್ ಕಪ್ ಗೆದ್ದಿತು. ರೋಕಾ ನಿರ್ಗಮಿಸಿದ ಮೇಲೆ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಹೊಣೆ ಹೊತ್ತರು. ಮನೆಯ ಪದ್ಧತಿ ಬಲ್ಲವರ ಕೈಗೇ ಬೀಗದ ಕೈ ಹೋಯಿತು. ಇತ್ತ ಚೆನ್ನೈ ತಂಡದಿಂದ ಸೆರೆನೊ ಹೊರನಡೆದರು. 2018–19ರ ಲೀಗ್‌ನಲ್ಲಿ ಹಾಲಿ ಚಾಂಪಿಯನ್ನರು 18 ಪಂದ್ಯಗಳಿಂದ ಕೇವಲ 9 ಅಂಕ ಗಳಿಸಿ ಹತ್ತು ತಂಡಗಳ ಪಟ್ಟಿಯ ಕೊನೆಗೆ ಇಳಿದರು.

ಬೆಂಗಳೂರು ಮತ್ತೆ ಅಂತಿಮ ಪಂದ್ಯ ತಲುಪಿತು. ಮುಂಬಯಿಯಲ್ಲಿ ಗೋವಾ ಎದುರು ನಡೆದ ಆ ಪಂದ್ಯ ನಿಗದಿತ ಸಮಯದಲ್ಲಿ ಗೋಲಿಲ್ಲದೆ ಮುಗಿದು ಹೆಚ್ಚುವರಿ ಅರ್ಧ ಗಂಟೆಗೆ ಹೋಯಿತು. 117ನೆಯ ನಿಮಿಷದಲ್ಲಿ ಬೆಂಗಳೂರಿಗೆ ಕಾರ್ನರ್ ಸಿಕ್ಕಿತು. ದಿಮಾಸ್ ದೆಲ್ಗಾಡೊ ಒದ್ದ ಚೆಂಡಿಗೆ ರಕ್ಷಣಾ ಆಟಗಾರ ರಾಹುಲ್ ಭೆಕೆ ತಲೆಕೊಟ್ಟರು. ಗೋಲು, ಪ್ರಶಸ್ತಿ ಬೆಂಗಳೂರಿನದಾಯಿತು. ಅಂದು 2019ರ ಮಾರ್ಚ್ 17. ಕಂಠೀರವದಲ್ಲಿ ಎರಡು ಕಾರ್ನರ್‌ಗಳಿಂದ ಕಪ್ಪು ಕೈಬಿಟ್ಟು ಸರಿಯಾಗಿ ಒಂದು ವರ್ಷ. ಗೆಲ್ಲಿಸಿದ ಗೋಲನ್ನು ಛೆಟ್ರಿಯಾಗಲಿ ಮಿಕು ಆಗಲಿ ಹೊಡೆಯಲಿಲ್ಲ ಎಂಬುದನ್ನೂ ಗಮನಿಸಬೇಕು. ಹಿಂದಿನ ವರ್ಷದ ಎರಡು ಕೊರತೆಗಳು ಒಂದೇ ಒದೆತದಲ್ಲಿ ಬಲವಾಗಿ ತಿರುಗಿದ್ದವು.

ಹಾಗೆಂದು ಅಂಕಪಟ್ಟಿಯನ್ನೇ ಕೊನೆಯ ಮಾತು ಎನ್ನುವಂತಿಲ್ಲ. ಅದೇ 2019ರ ಫೆಬ್ರವರಿಯಲ್ಲಿ, ಪೆರಿಯಮೇಟಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ, ಪಟ್ಟಿಯ ತಳದಲ್ಲಿದ್ದ ಚೆನ್ನೈ ತಂಡ ಮುಂದೆ ಚಾಂಪಿಯನ್ ಆಗಲಿದ್ದ ಬೆಂಗಳೂರನ್ನು 2–1ರಿಂದ ಸೋಲಿಸಿತು. ಆ ಒಂದು ಸಂಜೆಯನ್ನಷ್ಟೇ ನೋಡಿದವರಿಗೆ ಎರಡೂ ತಂಡಗಳ ಬಗ್ಗೆ ತಪ್ಪು ಕಲ್ಪನೆಯೇ ಉಳಿಯುತ್ತಿತ್ತು. ಒಂದು ಪಂದ್ಯ ಹೇಳುವುದು ಅಂದು ಯಾರು ಚೆನ್ನಾಗಿ ಆಡಿದರು ಎಂಬುದನ್ನು. ತಂಡ ಎಂತಹುದು ಎಂದು ತಿಳಿಯಲು ಋತುವಿಡೀ ನೋಡಬೇಕು.

ನಮ್ಮ ಮನೆಗಳಲ್ಲಿ

2018ರ ಆ ರಾತ್ರಿ ಸಂಘದ ಅನೇಕ ಮನೆಗಳಲ್ಲಿ ಹಿರಿಯರು ಊಟಕ್ಕೆ ಮೌನವಾಗಿ ಎದ್ದುಹೋದರು, ಮಕ್ಕಳು ಕುಣಿದರು. ‘ನೀನು ಕನ್ನಡದ ಹುಡುಗನೋ ಅಲ್ಲವೋ’ ಎಂಬ ಮಾತು ಕೆಲವೆಡೆ ನಗೆಯಲ್ಲಿಯೂ ಕೆಲವೆಡೆ ನಗೆಯಿಲ್ಲದೆಯೂ ಬಂದಿತು. ಅದನ್ನು ಕೇಳಿದ ಮಗುವಿಗೆ ನೋವಾದದ್ದನ್ನು ನಾವು ಕಂಡಿದ್ದೇವೆ. ತನ್ನ ಊರಿನ ತಂಡವನ್ನು ಮೆಚ್ಚಿದ್ದಕ್ಕೆ ತನ್ನ ಭಾಷೆಯನ್ನೇ ಪ್ರಶ್ನಿಸಿದರೆ, ಮುಂದಿನ ಬಾರಿ ಆ ಮಗು ನಮ್ಮೊಡನೆ ಕುಳಿತು ಆಟ ನೋಡುವುದಿಲ್ಲ. ನೋಡಿದರೂ ಕನ್ನಡದಲ್ಲಿ ವಾದ ಮಾಡುವುದಿಲ್ಲ. ಸಂಘ ಕಟ್ಟಿಕೊಂಡು ಭಾಷೆಯನ್ನು ಉಳಿಸಿಕೊಳ್ಳಲು ಹೆಣಗುವ ನಮಗೆ ಅದಕ್ಕಿಂತ ದೊಡ್ಡ ಸೋಲು ಬೇರೆ ಇದೆಯೆ?

ಆದುದರಿಂದ ಮುಂದಿನ ಪಂದ್ಯದ ಬಳಿಕ ಒಂದು ಸಣ್ಣ ಪ್ರಯೋಗ ಮಾಡೋಣ. ಹಿರಿಯರು ಎದುರು ತಂಡದ ಎರಡು ಬಲಗಳನ್ನೂ, ಮಕ್ಕಳು ತಮ್ಮ ತಂಡದ ಎರಡು ಕೊರತೆಗಳನ್ನೂ ಹೇಳಲಿ. ಗೋಲುಗಳು ಹೇಗೆ ಬಂದವು, ಯಾವಾಗ ಬಂದವು, ಹಿಂದೆಯೂ ಹಾಗೆ ಬಂದಿದ್ದವೆ ಎಂದು ಇಬ್ಬರೂ ಕೂಡಿ ನೋಡಲಿ. ಮಾತೆಲ್ಲ ಕನ್ನಡದಲ್ಲಿಯೇ ನಡೆಯಲಿ. ಕಪ್ಪು ಯಾವ ಊರಿಗೆ ಹೋದರೂ, ಆ ಸಂಜೆಯ ಮಾತುಕತೆಯಾದರೂ ನಮ್ಮ ಮನೆಯಲ್ಲಿ ಉಳಿಯುತ್ತದೆ.