ಸುಳಿವು ಹುಡುಕಲು ದುಬಾರಿ ಪಾರ್ಕೇ ಬೇಕೆ?

ಮನೆಮಂದಿಯೆಲ್ಲ ಸೇರಿ ಸುಳಿವು ಹುಡುಕುವ ಆಟಕ್ಕೆ ಥೀಮ್ ಪಾರ್ಕೇ ಬೇಕೆ? ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2012ರಿಂದ 2021ರವರೆಗೆ ಅಂಥದ್ದೊಂದು ಆಟವಿತ್ತು. ಮಂತ್ರದ ಕಾರ್ಡು ಹಿಡಿದು, ನಕ್ಷೆ ನೋಡಿ, ಪಾರ್ಕ್ ಸುತ್ತಿ ಪರದೆಗಳ ಮೇಲೆ ಕಾಣುವ ಖಳರನ್ನು ಸೋಲಿಸಬೇಕಿತ್ತು. ಅದರಿಂದ ಪರದೆಗಳನ್ನು ಕಳೆದರೆ ಉಳಿಯುವುದು ನಕ್ಷೆ, ಸುಳಿವು, ನಡಿಗೆ. ಈ ಮೂರೂ ಸೇಲಂ, ಧರ್ಮಪುರಿಯಲ್ಲೇ ಇವೆ. ಸೇಲಂನಿಂದ ಏರ್ಕಾಡಿಗೆ ಹತ್ತುವ ಘಾಟಿಯ 20 ತಿರುವುಗಳನ್ನು ಮಕ್ಕಳೇ ಎಣಿಸಲಿ; ಕುರುಂಬಪಟ್ಟಿ ಮೃಗಾಲಯದ ಫಲಕಗಳಲ್ಲಿ ಒಗಟಿಗೆ ಉತ್ತರ ಹುಡುಕಲಿ.

ಮಕ್ಕಳು ಓಡಿ ಬಿದ್ದಾರೆಂಬ ಆತಂಕ ನ್ಯಾಯವೇ. ಅದಕ್ಕೇ ಧರ್ಮಪುರಿಯ ಹೊಗೇನಕಲ್ಲಿನಲ್ಲಿ ಸುಳಿವು ಕಾವೇರಿಯ ಬಂಡೆಗಳ ಮೇಲೆ ಬೇಡ. ಅಲ್ಲಿನ ಮೊಸಳೆ ಪುನರ್ವಸತಿ ಕೇಂದ್ರದಲ್ಲಿ ಬೇಲಿಯ ಈಚೆ ನಿಂತೇ ನೋಡಿ ಹೇಳುವ ಪ್ರಶ್ನೆ ಸಾಕು. ಯಂತ್ರವಿಲ್ಲದೆ ಮಕ್ಕಳಿಗೆ ಬೇಸರವಾದೀತೆ? ಸುಳಿವು ಬರೆಯುವ ಸರದಿಯನ್ನು ಅವರಿಗೇ ಕೊಡಿ, ಹುಡುಕುವ ಕೆಲಸ ಹಿರಿಯರದಾಗಲಿ.